ಅಳಿಸ್ಲಾ?

ಐವತ್ತೆರಡು ದಾಟಿದ ಗಂಡಸನ್ನು ಆಮೆ ಎಂದು ಕರೆಯುವುದು ಮರ್ಯಾದೆಯಲ್ಲ, ಒಪ್ಪಿದೆ. ಆದರೆ ಏಳನೇ ಕ್ಲಾಸಿನ ಮೂವತ್ತೆಂಟು ಮಕ್ಕಳು ಸೇರಿ ಇಟ್ಟ ಹೆಸರು ಅದು, ಹೆತ್ತವರು ಇಟ್ಟದ್ದಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿತು. ಈಗ ಹಾಗೆ ಕರೆಯುವವರೂ ಯಾರೂ ಉಳಿದಿಲ್ಲ. ಆಫೀಸಿನಲ್ಲಿ ಅವನು ‘ಸಾರ್’, ಕೆಳಮನೆಯವರಿಗೆ ‘ಮೇಲಿನವರು’, ಬೇರೆ ಊರಿನಲ್ಲಿರುವ ಅಕ್ಕನಿಗೆ ಇಂದಿಗೂ ‘ಪುಟ್ಟ’. ಇಲ್ಲಿ ನಾವಾದರೂ ಆಮೆ ಎನ್ನೋಣ. ಬೇಜಾರು ಮಾಡಿಕೊಳ್ಳುವ ಆಸಾಮಿಯಲ್ಲ.

ಅವನ ಕೆಲಸವನ್ನು ನೀವೆಲ್ಲ ನೋಡಿರುತ್ತೀರಿ, ನೋಡಿದ ಕೂಡಲೇ ಎಸೆದೂ ಇರುತ್ತೀರಿ. ಮಿಕ್ಸಿಯೋ ಫ್ಯಾನೋ ಕೊಂಡರೆ ಡಬ್ಬದ ತಳದಲ್ಲಿ ಒಂದು ಸಣ್ಣ ಪುಸ್ತಕ ಇರುತ್ತದಲ್ಲ, ಈ ಸ್ಕ್ರೂವನ್ನು ಈ ಕಡೆ ತಿರುಗಿಸಿ ಎಂದು ತೋರಿಸುವ ಪುಸ್ತಕ, ಅದರ ಚಿತ್ರ ಬರೆಯುವವನು ಆಮೆ. ಮೂವತ್ತು ವರ್ಷದಿಂದ ಅವನು ಬರೆದದ್ದು ಬರೀ ಕೈಗಳು. ಯಜಮಾನರ ಕಟ್ಟಪ್ಪಣೆ ಒಂದೇ: ಕೈ ಯಾರದ್ದೂ ಆಗಿರಬಾರದು. ಉಂಗುರ ಇಲ್ಲ, ರೋಮ ಇಲ್ಲ, ಗಂಡೋ ಹೆಣ್ಣೋ ತಿಳಿಯಬಾರದು, ವಯಸ್ಸು ಕಾಣಬಾರದು. ಗೆರೆ ಕೂದಲೆಳೆಯಷ್ಟು ಸಣ್ಣಗಿರಬೇಕು. ಅಂಥ ಗೆರೆ ಎಳೆಯುವುದರಲ್ಲಿ ಆಮೆಯನ್ನು ಮೀರಿಸಿದವರಿಲ್ಲ, ಅದೊಂದು ವಿಷಯದಲ್ಲಿ ಅವನಿಗೂ ಸ್ವಲ್ಪ ಕೊಬ್ಬಿತ್ತು.

ಆಫೀಸಿನಲ್ಲಿ ಇನ್ನೊಬ್ಬನಿದ್ದ, ಚಿತ್ರದ ಪಕ್ಕ ಅಕ್ಷರ ಕೂರಿಸುವವನು. ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡರೆ ಸಂಜೆಯೇ ತೆಗೆಯುವುದು. ಎಷ್ಟೋ ದಿನ ಆಮೆ ಬಾಗಿಲಲ್ಲಿ ಹೇಳಿದ ‘ಗುಡ್ ಮಾರ್ನಿಂಗ್’ ಬಿಟ್ಟರೆ ತುಟಿ ಪಿಟಕ್ಕೆನ್ನದೆ ದಿನ ಕಳೆದುಬಿಡುತ್ತಿದ್ದ. ಮನೆಗೆ ಬಂದು ಬೀಗ ತೆಗೆದ ಮೇಲೆ ಸುಮ್ಮನೆ ಕೆಮ್ಮಿ, ಗಂಟಲಲ್ಲಿ ದನಿ ಇನ್ನೂ ಇದೆಯಾ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ನಗಬೇಡಿ. ಒಬ್ಬರೇ ಇರುವವರನ್ನು ಕೇಳಿ, ಹೇಳುತ್ತಾರೆ.

ಭಾನುವಾರ ಹತ್ತಕ್ಕೆ ಅಕ್ಕನ ಫೋನು. ಅಕ್ಕ ತಾವಿಬ್ಬರೂ ಹುಟ್ಟಿ ಬೆಳೆದ ಊರಿನಲ್ಲೇ ಉಳಿದವಳು, ಅಲ್ಲಿನ ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆದು, ಬಂದವರ ಕಣ್ಣಿಗೆ ಹನಿ ಹಾಕಿ ಕೂರಿಸುವುದು ಅವಳ ಕೆಲಸ. ಆವತ್ತು ಅವಳು ಭಾವನ ಮಂಡಿನೋವನ್ನೂ ಪಕ್ಕದ ಮನೆಯವರ ಜಗಳವನ್ನೂ ಮುಗಿಸಿ, ಫೋನ್ ಇಡುವ ಹೊತ್ತಿಗೆ ಒಂದು ಮಾತು ಹೇಳಿದಳು.

“ಪುಟ್ಟ, ನಿಮ್ಮ ಸೈನ್ಸ್ ಟೀಚರ್ ಬಂದಿದ್ರು ಕಣೋ. ಅವರ ಕಣ್ಣು ಹೋಗ್ತಾ ಇದೆ.”

ಪೂರ್ತಿ ಕತ್ತಲೆ ಆಗುವುದಿಲ್ಲವಂತೆ. ನೋಟದ ನಡುಮಧ್ಯೆ ಒಂದು ಕಲೆ ಎದ್ದಿದೆ, ಅದು ದೊಡ್ಡದಾಗುತ್ತಾ ಹೋಗುತ್ತದೆ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಔಷಧಿ ಇಲ್ಲ. ಓದುವ ಕಣ್ಣು ಹೆಚ್ಚೆಂದರೆ ಇನ್ನೊಂದು ವರ್ಷ ಎಂದಿದ್ದಾರೆ ಡಾಕ್ಟರು. ಟೀಚರ್ ಒಬ್ಬರೇ ಬಂದಿದ್ದರಂತೆ, ಒಬ್ಬರೇ ಹೋದರಂತೆ.

ಆಮೆ ಫೋನಿಟ್ಟು ಕೈ ಕಟ್ಟಿ ಕೂತ.

ಆ ಟೀಚರ್ ಪಾಠ ಮಾಡುತ್ತಿದ್ದ ರೀತಿಯೇ ಬೇರೆ. ಅರಗುವ ಕ್ರಿಯೆಯ ಪಾಠಕ್ಕೆ ಅವರು ಒಂದು ತುತ್ತಿಗೆ ಎರಡು ಕಣ್ಣು, ಕೈಕಾಲು, ಕೊಡೆ ಕೊಟ್ಟು ಬೋರ್ಡಿನ ಮೇಲೆ ಇಳಿಸಿದ್ದರು. ಹೆಸರು ತುತ್ತಪ್ಪ. ತುತ್ತಪ್ಪ ಬಾಯಿಯಲ್ಲಿ ಹಲ್ಲುಗಳ ನಡುವೆ ಸಿಕ್ಕಿಬಿದ್ದು ಬೊಬ್ಬೆ ಹೊಡೆಯುತ್ತಿದ್ದ, ಅನ್ನನಾಳದಲ್ಲಿ ಜಾರುಬಂಡೆ ಆಡುತ್ತಿದ್ದ, ಜಠರದಲ್ಲಿ ಆಮ್ಲದ ಮಳೆ ಸುರಿದಾಗ ಕೊಡೆ ಬಿಚ್ಚುತ್ತಿದ್ದ. ಆ ಪಾಠ ಮುಗಿದ ಮೇಲೂ ಮಕ್ಕಳು ಅವನನ್ನು ಬಿಡಲಿಲ್ಲ. ಹೂವಿನೊಳಗೆ, ಎಲುಬಿನೊಳಗೆ, ಮಂಗಳ ಗ್ರಹದ ಮೇಲೆ, ವರ್ಷವಿಡೀ ತುತ್ತಪ್ಪನದೇ ಕಾಮಿಕ್ಸ್. ಇದ್ದದ್ದು ಒಂದೇ ಬೋರ್ಡು, ಮುಂದಿನ ಚಿತ್ರ ಬರಬೇಕಾದರೆ ಹಿಂದಿನದು ಹೋಗಬೇಕು. ಅದಕ್ಕೇ ಪ್ರತಿ ಚಿತ್ರ ಮುಗಿದಾಗಲೂ ಡಸ್ಟರ್ ಹಿಡಿದು, ಬೆನ್ನು ತಿರುಗಿಸಿಯೇ, ಕೇಳುತ್ತಿದ್ದರು: “ಅಳಿಸ್ಲಾ?”

ಎಲ್ಲರೂ ಹೂಂ ಎನ್ನುತ್ತಿದ್ದರು. ಕೊನೆಯ ಬೆಂಚಿನಿಂದ ಒಂದು ದನಿ ಮಾತ್ರ, “ಇನ್ನೂ ಇಲ್ಲ ಟೀಚರ್.”

ಕ್ಲಾಸಿಗೆ ಕ್ಲಾಸೇ ಗೊಣಗುತ್ತಿತ್ತು. ಆಮೆ ಎಂಬ ಹೆಸರು ಹುಟ್ಟಿದ್ದು ಅಲ್ಲೇ. ಟೀಚರ್ ಮಾತ್ರ ಒಂದು ದಿನಕ್ಕೂ ಗದರಲಿಲ್ಲ. “ನಿಧಾನವಾಗಿ ಬರ್ಕೋ” ಎಂದು ಡಸ್ಟರ್ ಕೆಳಗಿಡುತ್ತಿದ್ದರು. ವಾರಕ್ಕೆ ಮೂರು ದಿನ ಸೈನ್ಸ್ ಕೊನೆಯ ಪೀರಿಯಡ್ಡು. ಗಂಟೆ ಹೊಡೆದು, ಉಳಿದವರು ಚೀಲ ಹೊತ್ತು ಓಡಿದ ಮೇಲೂ ಇವನೊಬ್ಬ ತಲೆ ತಗ್ಗಿಸಿ ಬರೆಯುತ್ತಾ ಕೂತಿರುತ್ತಿದ್ದ, ಅವರೊಬ್ಬರು ಕಿಟಕಿ ಕಡೆ ನಿಂತಿರುತ್ತಿದ್ದರು.

ಈಗ ಅಸಲು ವಿಷಯ ಹೇಳಿಬಿಡುತ್ತೇನೆ, ಆಮೆ ನಲವತ್ತು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡದ್ದು. ಅವನು ನಿಧಾನದ ಹುಡುಗನೇ ಅಲ್ಲ. ಎಲ್ಲರಿಗಿಂತ ಮೊದಲೇ ಅವನ ಚಿತ್ರ ಮುಗಿದಿರುತ್ತಿತ್ತು. ಅಪ್ಪ ಇರಲಿಲ್ಲ, ಅಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮುಗಿಸಿ ಬರುವಾಗ ಏಳು ಗಂಟೆ, ಬೀಗದಕೈ ಅಕ್ಕನ ಹತ್ತಿರ, ಅಕ್ಕ ಟೈಪಿಂಗ್ ಕ್ಲಾಸಿನಲ್ಲಿ. ಮನೆಗೆ ಹೋದರೆ ಮುಚ್ಚಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂರಬೇಕು. ‘ಇನ್ನೂ ಇಲ್ಲ’ ಎಂದರೆ ಇಪ್ಪತ್ತು ನಿಮಿಷ ಇನ್ನೊಬ್ಬರು ಇರುವ ಕೋಣೆಯಲ್ಲಿ ಇರಬಹುದಿತ್ತು. ಅದಕ್ಕೆ ಸುಳ್ಳು ಹೇಳಿದ. ಒಂದಲ್ಲ ಎರಡಲ್ಲ, ಇಡೀ ವರ್ಷ.

ಆ ಕಾಯುವಿಕೆಗೆ ಪ್ರತಿಯಾಗಿ ಏನಾದರೂ ಕೊಡಬೇಕು, ಆ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಮಾತಿನಲ್ಲಿ ಹೇಳುವ ತಾಕತ್ತು ಅವನಿಗೆಲ್ಲಿಂದ ಬರಬೇಕು? ಬರುವುದು ಚಿತ್ರ ಒಂದೇ. ಒಂದು ಕಾಮಿಕ್ಸ್ ಪುಸ್ತಕ ಮಾಡುತ್ತೇನೆ ಎಂದು ನಿರ್ಧರಿಸಿದ. ಇಪ್ಪತ್ತನಾಲ್ಕು ಪುಟ, ಒಂದೇ ಪ್ರತಿ, ಕೈಯಲ್ಲೇ ಬರೆದದ್ದು. ತುತ್ತಪ್ಪ ಬೋರ್ಡಿನಿಂದ ಇಳಿದು ಕ್ಲಾಸಿನೊಳಗೆಲ್ಲ ಓಡಾಡಿ ಕೊನೆಯ ಬೆಂಚಿಗೆ ಬರುತ್ತಾನೆ, ಕೊನೆಯ ಪುಟದಲ್ಲಿ ಆ ಹುಡುಗನ ಗುಟ್ಟು ಹೊರಬೀಳುತ್ತದೆ. ಟೀಚರ್ ಅದನ್ನು ತಮ್ಮ ಕಣ್ಣಾರೆ ನೋಡಬೇಕು, ಕಣ್ಣು ಹೋಗುವುದರೊಳಗೆ. ಅಷ್ಟಾದರೆ ಸಾಕು ಎಂದುಕೊಂಡ.

ದಿನಾ ಬೆಳಗ್ಗೆ ಐದಕ್ಕೆ ಎದ್ದು ಎಂಟರವರೆಗೆ ಬರೆಯತೊಡಗಿದ. ಕೆಳಮನೆಯ ಕುಕ್ಕರ್ ಕೂಗಿದರೆ ಆಫೀಸಿಗೆ ಹೊರಡುವ ಹೊತ್ತು. ಮೊದಮೊದಲು ಸಲೀಸಾಗಿ ಸಾಗಿತು. ಬೆಂಚು, ಕಿಟಕಿ, ಬೋರ್ಡಿನ ಕೆಳಗೆ ಉದುರಿದ ಸುಣ್ಣದ ಪುಡಿ, ಟೀಚರ ಸೆರಗಿಗೆ ಅಂಟಿದ ನೀಲಿ ಚಾಕಿನ ಗುರುತು, ಎಲ್ಲ ಒಂದೂ ಬಿಡದೆ ನೆನಪಿತ್ತು. ಆಮೇಲೆ ಒಂದು ಪುಟದಲ್ಲಿ ಟೀಚರ್ ತಿರುಗಿ ನೋಡಬೇಕಾಯಿತು. ಅಲ್ಲಿ ಪೆನ್ನು ನಿಂತಿತು.

ಮುಖ ನೆನಪಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಇಲ್ಲ. ಒಂದು ವರ್ಷ ಅವರೆದುರು ಕೂತವನು ನೋಡಿದ್ದು ಬೋರ್ಡು, ಅವರ ಬೆನ್ನು, ಕೈ. ಅವರು ತಿರುಗಿದಾಗಲೆಲ್ಲ ಇವನು ತಲೆ ತಗ್ಗಿಸಿ ಬರೆಯುವ ನಾಟಕ ಆಡಬೇಕಿತ್ತಲ್ಲ, ಸುಳ್ಳುಗಾರ. ಕ್ಲಾಸಿನ ಗ್ರೂಪ್ ಫೋಟೋ ಹುಡುಕಿ ತೆಗೆದ. ಕ್ಯಾಮೆರಾ ಕ್ಲಿಕ್ಕಿಸುವ ಹೊತ್ತಿಗೆ ಟೀಚರ್ ಯಾರನ್ನೋ ನೋಡಲು ತಿರುಗಿದ್ದರು, ಮುಖದ ಜಾಗದಲ್ಲಿ ಬೂದು ಮಸುಕು. ಊಹೆಯಿಂದ ಬರೆದ, ಹರಿದ. ಮತ್ತೆ ಬರೆದ. ಮೂವತ್ತು ವರ್ಷ ಯಾರದ್ದೂ ಅಲ್ಲದ ಕೈ ಬರೆದವನಿಗೆ ಬಂದದ್ದು ಯಾರದ್ದೂ ಅಲ್ಲದ ಮುಖವೇ. ನಲವತ್ತು ಮುಖಗಳಾದವು, ಐದು ತಿಂಗಳು ಕಳೆಯಿತು.

ಪ್ರತಿ ಭಾನುವಾರ ಅಕ್ಕ ಕೇಳುತ್ತಿದ್ದಳು, ಮುಗೀತಾ? ಇವನು ಇನ್ನೂ ಇಲ್ಲ ಎನ್ನುತ್ತಿದ್ದ. ಈ ಸಲ ಅದು ನಿಜವಾಗಿತ್ತು. ಅಕ್ಕ ಮೊದಲು ನಕ್ಕಳು, ಆಮೇಲೆ ರೇಗಿದಳು. ಆ ಹೆಸರು ನಿನಗೆ ಸುಮ್ಮನೆ ಇಟ್ಟಿಲ್ಲ ಎಂದಳು. ಒಂದು ದಿನ ಮಾತ್ರ ದನಿ ತಗ್ಗಿಸಿ, “ಅವರ ಕಣ್ಣು ನಿನ್ನ ಪೆನ್ನಿಗೋಸ್ಕರ ಕಾಯಲ್ಲ ಕಣೋ” ಎಂದಳು. ಕೊನೆಗೆ ಆಮೆ ಮುಖದ ಆಸೆ ಬಿಟ್ಟ. ಇಪ್ಪತ್ತನಾಲ್ಕು ಪುಟಗಳಲ್ಲೂ ಟೀಚರ್ ಬೆನ್ನು ತಿರುಗಿಸಿಯೇ ನಿಂತರು. ಮನಸ್ಸಿಗೆ ಪಿಚ್ಚೆನಿಸಿತು, ಆದರೆ ಗೆರೆಗಳ ವಿಷಯದಲ್ಲಿ ರಾಜಿ ಇಲ್ಲ. ಅಂಗಡಿಯಲ್ಲಿ ಸಿಗುವ ಎಲ್ಲಕ್ಕಿಂತ ಸಣ್ಣ ಮೊನೆಯ ಪೆನ್ನು ತಂದು, ಭೂತಗನ್ನಡಿ ಹಿಡಿದು, ಟೀಚರ ಜಡೆಯ ಒಂದೊಂದೇ ಎಳೆಯನ್ನು ಬಿಡಿಸಿದ. ಒಂದು ಪುಟಕ್ಕೆ ಒಂಬತ್ತು ಚೌಕ. ಜನ್ಮದಲ್ಲಿ ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ಹದಿನಾಲ್ಕನೇ ತಿಂಗಳಿಗೆ ಪುಸ್ತಕ ಮುಗಿಯಿತು. ದಾರ ಹಾಕಿ ಹೊಲಿದು, ಅಚ್ಚಾದ ಪುಸ್ತಕಗಳಿಗೆ ಇರುವ ಹಾಗೆ ಮೊದಲೊಂದು ಖಾಲಿ ಹಾಳೆಯನ್ನೂ ಸೇರಿಸಿದ.

ಮುಂದಿನ ಭಾನುವಾರ ಮೊದಲ ಬಸ್ಸು ಹಿಡಿದು ಅಕ್ಕನ ಮನೆಗೆ ಬಂದ. ಅಕ್ಕ ಕೈ ಒರೆಸಿಕೊಂಡು ಪುಸ್ತಕ ಬಿಚ್ಚಿದಳು. ಕನ್ನಡಕ ಏರಿಸಿದಳು, ಇಳಿಸಿದಳು, ಕಿಟಕಿಯ ಬೆಳಕಿಗೆ ಹಿಡಿದಳು. ಹೊಗಳುತ್ತಾಳೆ ಎಂದು ಆಮೆ ಕಾಯುತ್ತಿದ್ದ.

“ಪುಟ್ಟ,” ಎಂದಳು ಅಕ್ಕ, ಬಹಳ ಮೆಲ್ಲಗೆ, “ಇದು ನನ್ನ ಕಣ್ಣಿಗೇ ಕಾಣ್ತಿಲ್ಲವಲ್ಲೋ.”

ಆಮೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹದಿನಾಲ್ಕು ತಿಂಗಳು ಕಣ್ಣು ಹೋಗುತ್ತಿರುವವರಿಗೆ ಎಂದೇ ಬರೆಯುತ್ತಿದ್ದ, ಆ ಕಣ್ಣಿಗೆ ಏನು ಕಾಣುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸಾವಧಾನ, ಅಚ್ಚುಕಟ್ಟು, ಗೆರೆ, ಅದೇ ಹುಚ್ಚು. ಥೂ, ಎಂಥ ಮಂಕು ಬಡಿದಿತ್ತು ನನಗೆ ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ಹೋಗುವುದೇ ಬೇಡ, ಮುಂದಿನ ಬಸ್ಸಿಗೆ ವಾಪಸ್ ಹೋಗುತ್ತೇನೆ ಎಂದ. ಟೀಚರಿಗೆ ಹೇಳಿಯಾಗಿದೆ, ಕಾಯುತ್ತಿರುತ್ತಾರೆ ಎಂದು ಅಕ್ಕ ಅವನ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿಟ್ಟಳು.

ಟೀಚರ ಮನೆ ಎರಡು ಬೀದಿ ಆಚೆ, ಮಹಡಿ ಮನೆಯೊಂದರ ಹಿಂಭಾಗದ ಎರಡು ಕೋಣೆ. ಮೆಟ್ಟಿಲುಗಳ ಅಂಚಿಗೆ ಬಿಳಿ ಟೇಪು ಅಂಟಿಸಿತ್ತು. ಬಾಗಿಲು ತೆರೆದವರು ತೆಳ್ಳಗಿನ, ನೆಟ್ಟಗಿನ ಮುದುಕಿ. ಆಮೆಯನ್ನು ನೋಡದೆ ಬಲಗಡೆಯ ಗೋಡೆಯ ಕಡೆ ಮುಖ ತಿರುಗಿಸಿದರು. ಅವಮಾನವಾಯಿತು ಇವನಿಗೆ.

“ತಪ್ಪು ತಿಳ್ಕೋಬೇಡ. ನೇರ ನೋಡಿದ್ರೆ ನೀನು ಇರೋದಿಲ್ಲ, ಹೀಗೆ ತಿರುಗಿದ್ರೆ ಪಕ್ಕದಲ್ಲಿ ಬರ್ತೀಯ,” ಎಂದರು. “ಕೊನೇ ಬೆಂಚು, ಗೋಡೆ ಪಕ್ಕ. ಅಲ್ವಾ?”

ಆಮೆ ಹೂಂಗುಟ್ಟಿದ. ಅವರಿಗೆ ಕೇಳಿಸಿತೋ ಇಲ್ಲವೋ.

ಟೀ ಅವರೇ ಮಾಡಿದರು. ಲೋಟ ತುಂಬಿದ್ದು ಗೊತ್ತಾಗಲು ಅಂಚಿನೊಳಗೆ ಬೆರಳು ಇಟ್ಟುಕೊಂಡೇ ಬಗ್ಗಿಸಿದರು, ಸುಟ್ಟಿತೇನೋ, ಒಮ್ಮೆ ಕೈ ಕೊಡವಿದರು. ಆಮೇಲೆ ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದರು. ಕೊಡದೆ ವಿಧಿಯಿಲ್ಲ, ಆಮೆ ಪುಸ್ತಕ ಕೊಟ್ಟ. ಅವರು ರಟ್ಟು ತಿರುಗಿಸಿ, ಪುಸ್ತಕವನ್ನು ಮೂಗಿನ ಹತ್ತಿರ ತಂದು, ತಲೆ ವಾಲಿಸಿ ಬಹಳ ಹೊತ್ತು ನೋಡಿದರು. ಪುಟವನ್ನು ಅಂಗೈಯಿಂದ ಸವರಿದರು.

“ತುಂಬಾ ನಾಜೂಕಾಗಿದೆ ಕಣೋ,” ಎಂದರು.

ಅವರು ನೋಡುತ್ತಿದ್ದದ್ದು ಆ ಖಾಲಿ ಹಾಳೆ.

ಆಮೆ ನೆಲ ನೋಡಿದ. ಟೀಚರಿಗೂ ಏನೋ ಅನುಮಾನ ಬಂದಿರಬೇಕು, ಮುಂದಿನ ಪುಟ ತಿರುಗಿಸಲಿಲ್ಲ. ಎದ್ದು ಹೋಗಿಬಿಡೋಣ ಎಂದು ಅವನು ತಲೆ ಎತ್ತಿದಾಗ ಎದುರು ಗೋಡೆಯಲ್ಲಿ ಕರೀ ಬೋರ್ಡು ಕಂಡಿತು. ಹಿಂದೆ ಟ್ಯೂಷನ್ ಹೇಳುತ್ತಿದ್ದಾಗ ಹಾಕಿಸಿದ್ದಿರಬೇಕು. ಈಗ ಅದರ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ಹಾಲಿನವನ ಫೋನ್ ನಂಬರು, ಮಾತ್ರೆಯ ಹೊತ್ತು, ಆಸ್ಪತ್ರೆಯ ದಿನ. ಕಪ್ಪಿನ ಮೇಲೆ ದಪ್ಪ ಬಿಳಿ. ಅಷ್ಟು ದೊಡ್ಡದು ಅವರಿಗೆ ಕಾಣುತ್ತದೆ. ಕಾಣುತ್ತದೆ ಎಂದೇ ಅಲ್ಲವೇ ಬರೆದುಕೊಂಡಿರುವುದು!

ಆಮೆ ಎದ್ದು ಹೋಗಿ ಡಸ್ಟರ್ ಕೈಗೆ ತೆಗೆದುಕೊಂಡ. ಕೇಳಿಯೇಬಿಟ್ಟ.

“ಅಳಿಸ್ಲಾ?”

ಟೀಚರ ತುಟಿಯ ಅಂಚು ಅಲುಗಿತು. “ಅಳಿಸು. ಎಲ್ಲ ಬಾಯಿಪಾಠ ಇದೆ.”

ಚಾಕನ್ನು ಅಡ್ಡ ಹಿಡಿದು ಬರೆದ. ಜೀವಮಾನದಲ್ಲಿ ಅಷ್ಟು ದಪ್ಪ ಗೆರೆ ಎಳೆದವನಲ್ಲ, ಅಂಕುಡೊಂಕಾಯಿತು, ಆಗಲಿ ಎಂದ. ಒಂದು ಗುಂಡು ಹೊಟ್ಟೆ, ಎರಡು ಕಣ್ಣು, ಕೊಡೆ. ಟೀಚರ್ ಗೋಡೆ ಕಡೆ ಮುಖ ತಿರುಗಿಸಿದರು, ಕಣ್ಣಂಚಿನಿಂದ ಹುಡುಕಿದರು, ಆಮೇಲೆ ಕುರ್ಚಿ ಅಲುಗಾಡುವ ಹಾಗೆ ನಕ್ಕರು.

“ತುತ್ತಪ್ಪ! ಅಯ್ಯೋ, ಇವನು ಇನ್ನೂ ಬದುಕಿದಾನಾ?”

ಅಲ್ಲಿಂದ ಶುರುವಾಯಿತು. ಇಪ್ಪತ್ತನಾಲ್ಕು ಪುಟದ ಪುಸ್ತಕವನ್ನು ಆಮೆ ಬೋರ್ಡಿಗೆ ಇಳಿಸುತ್ತಾ ಹೋದ, ಒಂದು ಸಲಕ್ಕೆ ಒಂದೇ ಚಿತ್ರ. ಒಂಬತ್ತು ಚೌಕದಲ್ಲಿ ಹೇಳಿದ್ದನ್ನು ಒಂದರಲ್ಲಿ ಹೇಳಬೇಕು, ಜಡೆಯ ಎಳೆಗಳಿಗೆಲ್ಲ ಇಲ್ಲಿ ಜಾಗವೇ ಇಲ್ಲ. ಚಿತ್ರದಲ್ಲಿ ಸಾಲದೇ ಹೋದದ್ದನ್ನು ಬಾಯಲ್ಲಿ ಹೇಳಿದ. ಹೇಳುತ್ತಾ ಹೇಳುತ್ತಾ ತನ್ನ ದನಿಯೇ ತನಗೆ ಹೊಸದಾಗಿ ಕೇಳಿಸಿತು, ಒಂದು ವಾರದಲ್ಲಿ ಆಡುವಷ್ಟು ಮಾತನ್ನು ಅರ್ಧ ಗಂಟೆಯಲ್ಲಿ ಆಡಿದ್ದ. ಟೀಚರ್ ಸುಮ್ಮನೆ ಕೂರಲಿಲ್ಲ. ಕೊಡೆ ಬಲಗೈಯಲ್ಲಿತ್ತು, ಎಡಗೈಯಲ್ಲಲ್ಲ ಎಂದು ತಿದ್ದಿದರು. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಬಾಯಿಬಡುಕಿ ಈಗ ವಕೀಲೆ ಎಂದು ಹೇಳಿದರು. ಪ್ರತಿ ಚಿತ್ರಕ್ಕೂ ಅವನು ಅಳಿಸ್ಲಾ ಎನ್ನುವುದು, ಅವರು ಮುಖ ಓರೆ ಮಾಡಿ ನೋಡಿ ಮುಗಿಸಿ ಹೂಂ ಎನ್ನುವುದು. ಅವನ ಅಂಗಿಯ ತೋಳು ಪೂರಾ ಬೆಳ್ಳಗಾಯಿತು.

ಕೊನೆಯ ಚಿತ್ರಕ್ಕೆ ಬಂದ. ಬೆಂಚು ಬರೆದ. ಕೂತ ಹುಡುಗ. ಅವನ ಮುಂದೆ ಮುಚ್ಚಿದ ನೋಟ್‌ಬುಕ್ಕು, ಅದರ ಮೇಲೆ ಅಡ್ಡ ಇಟ್ಟ ಪೆನ್ಸಿಲ್ಲು. ಹುಡುಗನ ತಲೆಯ ಮೇಲೆ ಮಾತಿನ ಗುಳ್ಳೆ, ಅದರೊಳಗೆ ದೊಡ್ಡ ಅಕ್ಷರದಲ್ಲಿ: ಇನ್ನೂ ಇಲ್ಲ ಟೀಚರ್.

ಟೀಚರ್ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ನೋಡಿದರು. “ಪುಸ್ತಕ ಮುಚ್ಚಿದೆಯಲ್ಲೋ.”

“ಹೌದು ಟೀಚರ್. ಬರೆದು ಮುಗಿಸಿರ್ತಿದ್ದೆ. ದಿನಾ ಮುಗಿಸಿರ್ತಿದ್ದೆ. ಸುಳ್ಳು ಹೇಳ್ತಿದ್ದೆ.”

ಹೇಳಿದ ಮೇಲೆ ಆಮೆ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತ.

“ನಂಗೆ ಗೊತ್ತಿತ್ತು ಕಣೋ,” ಎಂದರು ಟೀಚರ್. “ಮಕ್ಕಳೆಲ್ಲ ಹೋದ್ಮೇಲೆ ಆ ಕ್ಲಾಸಲ್ಲಿ ಕೇಳಿಸಬೇಕಾಗಿದ್ದ ಸದ್ದು ಅಂದ್ರೆ ನಿನ್ನ ಪೆನ್ಸಿಲ್ ಒಂದೇ. ಅದೇ ಬರೀತಾ ಇಲ್ಲ ಅಂದ್ರೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ಕಾಯ್ತಿದ್ರಿ?”

ಅವರು ಸೆರಗಿನ ತುದಿಯಿಂದ ಕುರ್ಚಿಯ ಕೈ ಒರೆಸಿದರು, ಅಲ್ಲಿ ಏನೂ ಚೆಲ್ಲಿರಲಿಲ್ಲ.

“ನಂಗಾದ್ರೂ ಮನೇಲಿ ಯಾರಿದ್ರು?” ಎಂದರು.

ನಾಲ್ಕೂ ಮುಕ್ಕಾಲಾಗಿತ್ತು. ಐದೂವರೆಗೆ ಕೊನೆಯ ಬಸ್ಸು. ನಾಳೆ ಆಫೀಸು, ಹೊಸ ಫ್ಯಾನೊಂದರ ಹನ್ನೆರಡು ಚಿತ್ರ ಕೊಡಬೇಕು. ಹೊರಡುವ ಮೊದಲು ಬೋರ್ಡು ಸ್ವಚ್ಛ ಮಾಡಿ, ಹಾಲಿನವನ ನಂಬರನ್ನೂ ಮಾತ್ರೆಯ ಹೊತ್ತನ್ನೂ ದೊಡ್ಡದಾಗಿ ಬರೆದುಕೊಟ್ಟು ಹೋಗಬೇಕೆಂದು ಆಮೆ ಡಸ್ಟರ್ ಎತ್ತಿಕೊಂಡ.

“ಅಳಿಸ್ಲಾ ಟೀಚರ್?”

ತಿರುಗಿ ನೋಡಿದ. ಟೀಚರ್ ಮಡಿಲಲ್ಲಿ ಕೈ ಇಟ್ಟುಕೊಂಡು ಬೋರ್ಡಿಗೆ ಎದುರಾಗಿ, ಮುಖ ಎಲ್ಲೂ ವಾಲಿಸದೆ, ನೆಟ್ಟಗೆ ಕೂತಿದ್ದರು. ಮಧ್ಯಾಹ್ನದಿಂದ ಅವನು ಕಲಿತದ್ದು ಇಷ್ಟು: ನೋಡಬೇಕಾದರೆ ಅವರು ಮುಖ ಓರೆ ಮಾಡುತ್ತಾರೆ, ನೇರ ಕೂತರೆ ಅವರಿಗೆ ಏನೂ ಕಾಣುವುದಿಲ್ಲ. ಚಿತ್ರವನ್ನು ಅವರು ಆಗಲೇ ನೋಡಿ ಮುಗಿಸಿದ್ದರು.

“ಇನ್ನೂ ಇಲ್ಲ,” ಎಂದರು ಟೀಚರ್.

ಆಮೆ ಡಸ್ಟರ್ ಕೆಳಗಿಟ್ಟ. ಬೋರ್ಡಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಅವರಿಗೆ ಎದುರಾಗಿ ಕೂತ. “ನಿಧಾನವಾಗಿ ನೋಡಿ ಟೀಚರ್,” ಎಂದ.

ಈ ಸಲ ತಲೆ ತಗ್ಗಿಸಬೇಕಾದ ಅಗತ್ಯವಿರಲಿಲ್ಲ. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಮಚ್ಚೆ, ಮೂಗಿನ ತುದಿಯಲ್ಲಿ ಚಾಕಿನ ಪುಡಿ, ನಗು ನಿಂತ ಮೇಲೂ ಕೆನ್ನೆಯಲ್ಲಿ ಉಳಿದುಕೊಂಡ ಎರಡು ಗೆರೆ. ಬಸ್ಸು ಹೋದರೆ ಹೋಗಲಿ. ಅವನಿಗೂ ಆ ಮುಖ ಇನ್ನೂ ನೋಡಿ ಮುಗಿದಿರಲಿಲ್ಲ.